ಗುಡಾಣ ತೊಳೆದ ವರ್ಷ

ಮೊದಲ ಲೋಟ ದೇವರಿಗೆ, ಎರಡನೆಯದು ನೆಲಕ್ಕೆ,
ಮೂರನೆಯದು ಸತ್ತವರಿಗೆ. ಆಮೇಲೆ ನಮಗೆ ಲೆಕ್ಕ ತಪ್ಪುತ್ತದೆ,
ಜುಂಬೆರ್ ಮಾವನಿಗೆ ತಪ್ಪುವುದಿಲ್ಲ, ಪಂಕ್ತಿಗೆ ಅವನೇ ತಮಾದಾ.
ಏಳನೆಯದು ಹೆಂಗಸರಿಗೆ.
ಅವನು ಎದ್ದ, ಎಲ್ಲರೂ ಎದ್ದರು,
ಹದಿನಾಲ್ಕು ಕುರ್ಚಿ ಒಟ್ಟಿಗೆ ಕಿರುಗುಟ್ಟಿದವು.
ಏಳು ವರ್ಷದ ಲೆವಾನಿಕೋ ಕೂಡ, ಕುರ್ಚಿಯ ಮೇಲೆ ಹತ್ತಿ,
ಕೈಯಲ್ಲಿ ದಾಳಿಂಬೆ ಶರಬತ್ತು.
ಅವನಕ್ಕ ತಿನಾತಿನ್ ರೊಟ್ಟಿಯ ಬುಟ್ಟಿ ಹೊತ್ತು
ಬಾಗಿಲಲ್ಲಿ ದಾರಿ ಕಾಯುತ್ತಿದ್ದಳು.

ಅಮ್ಮ ಒಲೆಯ ಹತ್ತಿರ,
ಲಮಾರಾ ಅತ್ತೆ ಬದನೆಕಾಯಿಗೆ ಅಕ್ರೋಟು ತುಂಬುತ್ತ,
ಹೂಜಿ ಹಿಡಿದು ನಾನು.
ನಮ್ಮ ಹೆಸರಿನ ಲೋಟ ಖಾಲಿಯಾದೊಡನೆ
ತುಂಬಬೇಕಾದವಳು ನಾನೇ ತಾನೆ.

"ಹೆಣ್ಣೆಂದರೆ ಬಳ್ಳಿ" ಅಂದ ಜುಂಬೆರ್ ಮಾವ,
"ಹೆಣ್ಣೆಂದರೆ ಮನೆಯ ನಡುಗಂಬ" ಅಂದ.
ಎರಡೂ ಒಂದೇ ಉಸಿರಿನಲ್ಲಿ ಹೇಗಾಗುತ್ತಾಳೋ.
ಅವನ ಕಣ್ಣಲ್ಲಿ ನೀರು ಬಂತು. ಸುಳ್ಳಲ್ಲ ಅದು.
ಒಳ್ಳೆಯವನು ಅವನು. ಅದೇ ಕಷ್ಟ.

ನಾಲಿಗೆಯ ಮೇಲೆ ರಸ ಹೊರಳಿಸಿ ಕೇಳಿದ:
ಮುರ್ಮಾನ್, ಈ ಸಲದ್ದರಲ್ಲಿ ಏನೋ ಇದೆಯಲ್ಲ!
ಅಪ್ಪ ನಕ್ಕ: ಎಲ್ಲ ಕಾಖೇತಿಯ ಮಣ್ಣಿನ ಗುಣ.

ಮಣ್ಣಿನ ಗುಣ ನಾನು ಬಲ್ಲೆ.
ಕುತ್ತಿಗೆಯ ತನಕ ನೆಲದಲ್ಲಿ ಹೂತ ಗುಡಾಣಕ್ಕೆ
ಸೆಪ್ಟೆಂಬರಿನಲ್ಲಿ ಅಮ್ಮ ಇಳಿಯುತ್ತಾಳೆ, ಪ್ರತಿ ವರ್ಷ.
ಆ ಬಾಯಲ್ಲಿ ಅಪ್ಪನ ಭುಜ ತೂರುವುದಿಲ್ಲ,
ತಮ್ಮನ ಹೊಟ್ಟೆ ತೂರುವುದಿಲ್ಲ;
ಅರವತ್ತಮೂರರಲ್ಲೂ ಅಮ್ಮ ತೂರುತ್ತಾಳೆ.
ಚೆರ್ರಿ ತೊಗಟೆಯ ಕುಂಚ, ಬೂದಿ, ಬಿಸಿನೀರು.
ಮೇಲೆ ಮೊಣಕಾಲೂರಿ ನಾನು, ಹಗ್ಗಕ್ಕೆ ಕಟ್ಟಿ ಇಳಿಬಿಟ್ಟ ದೀಪ.
ಮಂಕಾದರೆ ಕೂಗು ಅಂದಿದ್ದಾಳೆ,
ಒಳಗಿನ ಗಾಳಿಯನ್ನು ನಂಬುವ ಹಾಗಿಲ್ಲ.

ಈ ಸಲ ಉಜ್ಜುವ ಸದ್ದು ನಡುವೆ ನಿಂತಿತು.
ದೀಪ ಚೆನ್ನಾಗಿಯೇ ಉರಿಯುತ್ತಿತ್ತು.
ಕೆಳಗಿನಿಂದ ಒಂದು ಹೆಸರು ಬಂತು: ನಾತೆಲಾ.
ಗುಡಾಣ ಅದನ್ನು ಸುತ್ತು ಹಾಕಿಸಿ, ದುಂಡಗೆ ಮಾಡಿ ಮೇಲೆ ಕಳಿಸಿತು.
ಆಮೇಲೆ ಇನ್ನೊಂದು: ಇಯಾ.

ಆ ಹೆಸರಿನವರು ನಮ್ಮಲ್ಲಿ ಯಾರೂ ಇಲ್ಲ.
ಸತ್ತವರ ಲೋಟದಲ್ಲೂ ಇಲ್ಲ.

ಆಗ ಊರಿಗೆ ಕರೆಂಟಿರಲಿಲ್ಲ, ರೊಟ್ಟಿಗೆ ಸಾಲು.
ತೆಲಾವಿಯ ಒಂದು ಕೋಣೆಯಲ್ಲಿ ಮಾತ್ರ ಜನರೇಟರು ಗುರುಗುಟ್ಟುತ್ತಿತ್ತು,
ಹೊಟ್ಟೆಯಲ್ಲಿರುವುದು ಏನೆಂದು ತೋರಿಸಲಿಕ್ಕೆ.
ಎರಡು ಸಲವೂ ಅಪ್ಪ ಹೊರಗೆ ಕಾರಿನಲ್ಲಿ ಕಾದ.
ಬೈಯಲಿಲ್ಲ, ಹೊಡೆಯಲಿಲ್ಲ.
"ನಿನ್ನಿಷ್ಟ" ಅಂದನಂತೆ, ಇಂಜಿನ್ ಆರಿಸದೆ.
ಮೂರನೆಯ ಸಲಕ್ಕೆ ತಮ್ಮ.
ಆವತ್ತು ಊರೆಲ್ಲ ಕೇಳುವ ಹಾಗೆ ಬಂದೂಕು ಹಾರಿಸಿದರು.
ನಾನು ಹುಟ್ಟಿದಾಗ? ಅಂತ ಒಮ್ಮೆ ಕೇಳಿದ್ದೆ.
ಮಳೆಯಿತ್ತು, ಅಂದಳು ಅಮ್ಮ.

ಕೈ ಕೊಟ್ಟು ಮೇಲೆಳೆದೆ, ಮೊಣಕೈ ತರಚಿತ್ತು.
"ತೊಳೆದಾಯ್ತು" ಅಂದಳು, ಅಷ್ಟೇ.
ಅದೇ ಗುಡಾಣಕ್ಕೆ ಹೊಸ ರಸ ಬಿತ್ತು, ಕಲ್ಲಿನ ಮುಚ್ಚಳ ಬಿತ್ತು, ಮಣ್ಣು ಬಿತ್ತು.
ಚಳಿಗಾಲವಿಡೀ ಆ ಎರಡು ಹೆಸರಿನ ಜೊತೆ
ಕತ್ತಲಲ್ಲಿ ಕೂತಿತ್ತು ರಸ.

ಈಗ ಜುಂಬೆರ್ ಮಾವ ಲೋಟ ಕವುಚಿ ತೋರಿಸುತ್ತಾನೆ:
ನೋಡಿ, ನಿಮ್ಮ ಮೇಲಿನ ಗೌರವ, ಒಂದು ಹನಿ ಉಳಿಸಿಲ್ಲ!
ನಾಜಿಬ್ರೋಲಾ, ಬಾ, ಒಂದು ಮಾತಾಡು!
ಅಮ್ಮ ಏಪ್ರನ್ನಿಗೆ ಕೈ ಒರೆಸುತ್ತ ಹೊಸ್ತಿಲ ತನಕ ಬಂದಳು.
ಹೂಜಿಯನ್ನು ಬಿಗಿಯಾಗಿ ಹಿಡಿದೆ. ಈಗ ಹೇಳುತ್ತಾಳೆ, ಈಗ.
ಅವಳು ಮೇಜನ್ನೆಲ್ಲ ಒಮ್ಮೆ ನೋಡಿ
"ಉಪ್ಪು ಸರಿಯಿದೆಯಾ?" ಅಂದಳು.
ನಕ್ಕರು. ಕೂತರು. ಹದಿನಾಲ್ಕು ಕುರ್ಚಿ.

ತಿನಾತಿನ್ ಬುಟ್ಟಿ ನೆಲಕ್ಕಿಟ್ಟು
ತಮ್ಮನನ್ನು ಸೊಂಟದಿಂದ ನೂಕಿದಳು. ಸರಿ ಆಚೆ.
ಯಾಕೆ?
ಕಾಲು ನೋಯುತ್ತೆ.
ಅರ್ಧ ಕುರ್ಚಿಯ ಮೇಲೆ ಕೂತು ಶರಬತ್ತು ಎಳೆದುಕೊಂಡಳು.
ಒಳಗಿನಿಂದ ಲಮಾರಾ ಅತ್ತೆ ಅವಳ ಹೆಸರು ಕೂಗಿದಳು,
ಇನ್ನೊಮ್ಮೆ ಕೂಗಿದಳು.
ಕೇಳಿಸದವಳ ಹಾಗೆ
ಅಡುಗೆಮನೆಗೂ ಅವಳಿಗೂ ನಡುವೆ ನಿಂತೆ.